ಕೃಪೆ ಮತ್ತು ನಂಬಿಗಸ್ತಿಕೆ: ಬೈಬಲಿನ ಎರಡು ಮಾತು, ನಮ್ಮ ದಿನನಿತ್ಯದ ಬದುಕು

(ಮಲಾಡ್‌ನಲ್ಲಿ ನಡೆದ ನಮ್ಮ ಸಂಘದ ಮಹಿಳಾ ವಿಭಾಗದ ತಿಂಗಳ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಅವರವರ ಧರ್ಮಗ್ರಂಥದಿಂದ ದಿನದ ಬದುಕಿಗೆ ದಕ್ಕಿದ್ದೇನು ಎಂದು ಒಬ್ಬೊಬ್ಬರಾಗಿ ಮಾತನಾಡೋಣ ಎಂದು ನಮ್ಮ ವಿಭಾಗ ತೀರ್ಮಾನ ಮಾಡಿತ್ತು. ಶರಣರ ಕಾಯಕ, ದಾಸೋಹದ ಬಗ್ಗೆ ಇಲ್ಲಿ ಕೇಳಿದ್ದೇವೆ. ಗೀತೆಯ ನಿಷ್ಕಾಮ ಕರ್ಮದ ಬಗ್ಗೆಯೂ ಕೇಳಿದ್ದೇವೆ. ಈ ಸಲ ಬೈಬಲಿನ ಸರದಿ. ಕ್ರೈಸ್ತ ಮನೆತನದವಳು ಎಂಬ ಕಾರಣಕ್ಕೆ ನನ್ನನ್ನು ನಿಲ್ಲಿಸಿದ್ದೀರಿ. ನಾನು ದೇವಶಾಸ್ತ್ರ ಓದಿದವಳಲ್ಲ. ಎಂ.ಟೆಕ್. ಮುಗಿಸಿ ಮುಂಬಯಿಗೆ ಬಂದು, ಸಾಫ್ಟ್‌ವೇರ್ ಕೆಲಸ ಮಾಡುತ್ತ, ಮನೆ ಮಕ್ಕಳನ್ನು ನೋಡಿಕೊಳ್ಳುವ, ನಿಮ್ಮ ಹಾಗೇ ಲೋಕಲ್ ಟ್ರೇನಿನಲ್ಲಿ ಓಡಾಡುವ ಹೆಂಗಸು. ಆದ್ದರಿಂದ ಇದನ್ನು ಪ್ರವಚನ ಅಂದುಕೊಳ್ಳಬೇಡಿ. ಅಡುಗೆಮನೆ ಕಟ್ಟೆಯ ಹತ್ತಿರ ನಿಂತು ಆಡುವ ಮಾತು ಎಂದು ಕೇಳಿ.

ನಾನು ಆರಿಸಿಕೊಂಡಿರುವುದು ಎರಡೇ ಮಾತು. ಒಂದು ಕೃಪೆ, ಇನ್ನೊಂದು ನಂಬಿಗಸ್ತಿಕೆ. ಇವೆರಡರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಕ್ರೈಸ್ತ ನಂಬಿಕೆಯ ತಿರುಳೇ ಇದೆ ಎಂದು ನನಗೆ ಅನ್ನಿಸುತ್ತದೆ.

ಕೃಪೆ ನಮಗೆ ಹೊಸ ಪದವಲ್ಲ. ‘ದೇವರ ಕೃಪೆಯಿಂದ ಎಲ್ಲ ಚೆನ್ನಾಗಿದ್ದೇವೆ’ ಎಂದು ಫೋನಿನಲ್ಲಿ ದಿನಾ ಹೇಳುತ್ತೇವೆ. ಬೈಬಲಿನಲ್ಲಿ ಈ ಪದಕ್ಕೆ ಒಂದು ಖಚಿತವಾದ ಅರ್ಥ ಇದೆ. ಹೊಸ ಒಡಂಬಡಿಕೆ ಮೂಲದಲ್ಲಿ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿರುವ ಪದ ‘ಖಾರಿಸ್’. ದುಡಿದು ಪಡೆದದ್ದು ಕೂಲಿ, ದುಡಿಯದೆ ದೊರೆತದ್ದು ಕೃಪೆ. ಹಕ್ಕಿನಿಂದ ಕೇಳುವಂತಿಲ್ಲ, ಬೆಲೆ ಕೊಟ್ಟು ಕೊಳ್ಳುವಂತಿಲ್ಲ. ಕೊಡುವವನ ಒಳ್ಳೆಯತನ ಬಿಟ್ಟರೆ ಅದಕ್ಕೆ ಬೇರೆ ಕಾರಣವೇ ಇಲ್ಲ.

ಇದನ್ನು ವಿವರಿಸಲು ಯೇಸು ಒಂದು ಕಥೆ ಹೇಳುತ್ತಾರೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಇದೆ. ಈ ಕಥೆ ನಡೆಯುವ ಜಾಗ ಮಲಾಡಿನಲ್ಲೂ ಇದೆ. ಬೆಳಿಗ್ಗೆ ನಮ್ಮ ನಾಕಾಗಳಲ್ಲಿ ಬುಟ್ಟಿ, ಸಲಿಕೆ, ಪೇಂಟಿಂಗ್ ಬ್ರಶ್ ಹಿಡಿದು ಜನ ನಿಂತಿರುತ್ತಾರಲ್ಲ? ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ನಮ್ಮವರೂ ಇದ್ದಾರೆ. ಹತ್ತಿರ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ಮುಕಾದಮ ಬರುತ್ತಾನೆ, ಗಟ್ಟಿಮುಟ್ಟಾದವರನ್ನು ಮೊದಲು ಕರೆದುಕೊಂಡು ಹೋಗುತ್ತಾನೆ. ವಯಸ್ಸಾದವರು, ಮಗು ಎತ್ತಿಕೊಂಡ ಹೆಂಗಸರು ಕೊನೆಯವರೆಗೂ ನಿಂತೇ ಇರುತ್ತಾರೆ. ಬಿಸಿಲು ಏರಿದ ಮೇಲೆ ಬುಟ್ಟಿ ತಲೆಯ ಮೇಲಿಟ್ಟುಕೊಂಡು ವಾಪಸು ಹೋಗುತ್ತಾರೆ.

ಯೇಸುವಿನ ಕಥೆಯಲ್ಲಿ ಒಬ್ಬ ತೋಟದ ಯಜಮಾನ ಹೀಗೇ ನಾಕಾಕ್ಕೆ ಬರುತ್ತಾನೆ. ಬೆಳಗಿನ ಜಾವ ಕೆಲವರನ್ನು ಒಂದು ಬೆಳ್ಳಿ ನಾಣ್ಯಕ್ಕೆ ಗೊತ್ತು ಮಾಡುತ್ತಾನೆ. ಅದು ಆ ಕಾಲದ ಒಂದು ದಿನದ ಕೂಲಿ. ಒಂಬತ್ತು ಗಂಟೆಗೆ ಮತ್ತೆ ಬರುತ್ತಾನೆ, ಹನ್ನೆರಡಕ್ಕೆ ಬರುತ್ತಾನೆ, ಮೂರಕ್ಕೆ ಬರುತ್ತಾನೆ. ಕೊನೆಗೆ ಸಂಜೆ ಐದಕ್ಕೂ ಬಂದು, ಇನ್ನೂ ನಿಂತಿದ್ದವರನ್ನು ಕೇಳುತ್ತಾನೆ, ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು. ಯಾರೂ ನಮ್ಮನ್ನು ಕರೆಯಲಿಲ್ಲ ಎನ್ನುತ್ತಾರೆ ಅವರು. ಅವರನ್ನೂ ಕರೆದುಕೊಂಡು ಹೋಗುತ್ತಾನೆ. ಆರು ಗಂಟೆಗೆ ಬಟವಾಡೆ. ಐದಕ್ಕೆ ಬಂದವರಿಗೆ ಮೊದಲು ಕೊಡುತ್ತಾನೆ, ಇಡೀ ದಿನದ ಕೂಲಿ. ಬೆಳಗಿನಿಂದ ಬೆವರು ಸುರಿಸಿದವರಿಗೆ ಆಸೆ ಹುಟ್ಟುತ್ತದೆ, ನಮಗೆ ಜಾಸ್ತಿ ಸಿಗುತ್ತದೆ ಎಂದು. ಅವರಿಗೂ ಅದೇ ಒಂದು ನಾಣ್ಯ. ಗಲಾಟೆ ಶುರುವಾಗುತ್ತದೆ.

ಈ ಕಥೆಯನ್ನು ನನ್ನ ಆಫೀಸಿನ ಗೆಳತಿಯೊಬ್ಬಳಿಗೆ ಹೇಳಿದೆ. ಅವಳು ತಕ್ಷಣ, ‘ಇದು ಅನ್ಯಾಯ ಕಣೇ, ನಾನಾಗಿದ್ದರೆ ರಾಜೀನಾಮೆ ಕೊಡುತ್ತಿದ್ದೆ’ ಎಂದಳು. ಅವಳು ಹೇಳಿದ್ದು ಸಹಜ. ನಾವು ಬದುಕುತ್ತಿರುವುದು ರೇಟಿಂಗ್ ಲೋಕದಲ್ಲಿ. ವರ್ಷಕ್ಕೊಮ್ಮೆ ಅಪ್ರೈಸಲ್, ಒಂದರಿಂದ ಐದು ಅಂಕ. ಮಕ್ಕಳಿಗೆ ಪರ್ಸೆಂಟೇಜ್. ಟ್ಯಾಕ್ಸಿ ಡ್ರೈವರಿಗೆ ನಕ್ಷತ್ರ. ಗೃಹಿಣಿಯಾದವಳಿಗೂ ಬಿಡುಗಡೆ ಇಲ್ಲ. ಹಬ್ಬದ ಅಡುಗೆ ಹೇಗಿತ್ತು, ಮಗಳ ಮದುವೆ ಹೇಗೆ ಮಾಡಿದಳು ಎಂದು ನೆಂಟರು ಅಂಕ ಕೊಡುತ್ತಲೇ ಇರುತ್ತಾರೆ. ಎಲ್ಲವನ್ನೂ ಗಳಿಸಿಯೇ ಪಡೆಯಬೇಕು, ಗೌರವವನ್ನು ಕೂಡ. ಇಂಥ ಲೋಕದಲ್ಲಿ ಐದು ಗಂಟೆಯ ಕೂಲಿಯವನು ನಮಗೆ ಮೋಸಗಾರನಂತೆ ಕಾಣುತ್ತಾನೆ.

ಆದರೆ ಅವನು ಸೋಮಾರಿ ಎಂದು ಕಥೆ ಹೇಳುವುದಿಲ್ಲ. ಅವನನ್ನು ಯಾರೂ ಕರೆಯಲಿಲ್ಲ, ಅಷ್ಟೇ. ಸಂಜೆಯವರೆಗೂ ಅವನು ನಾಕಾ ಬಿಟ್ಟು ಹೋಗಿರಲಿಲ್ಲ. ಅವನ ಮನೆಯಲ್ಲೂ ಬೆಳಗಿನವನ ಮನೆಯಲ್ಲಿದ್ದಷ್ಟೇ ಬಾಯಿಗಳಿವೆ. ಒಂದು ಗಂಟೆಯ ಕೂಲಿ ತೆಗೆದುಕೊಂಡು ಹೋದರೆ ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಯಜಮಾನ ಬೆಳಗಿನವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡಲಿಲ್ಲ. ಸಂಜೆಯವರಿಗೆ ಮಾತ್ರ ಕೈ ಸಡಿಲ ಬಿಟ್ಟ. ದೇವರು ಹೀಗೆ ಎಂದು ಯೇಸು ಹೇಳುತ್ತಾರೆ. ದೇವರ ಮುಂದೆ ನಾವು ಬೆಳಗಿನವರಾ, ಸಂಜೆಯವರಾ? ಬೆಳಗಿನವರು ಎಂದುಕೊಂಡವರಿಗೆ ಈ ಕಥೆ ಕಹಿ. ಸಂಜೆಯವರು ಎಂದು ಗೊತ್ತಾದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ನಮಗೆ ಇದರ ಒಂದು ಸಣ್ಣ ರುಚಿ ಲೋಕಲ್ ಟ್ರೇನಿನಲ್ಲೇ ಸಿಗುತ್ತದೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಹಕ್ಕಿಲ್ಲ. ಆದರೂ ಲೇಡೀಸ್ ಡಬ್ಬಿಯಲ್ಲಿ ಯಾರೋ ಗುರುತಿಲ್ಲದವಳು ನಮ್ಮ ಮುಖ ನೋಡಿ ಒಂದಿಷ್ಟು ಸರಿದು ಜಾಗ ಮಾಡಿಕೊಡುತ್ತಾಳೆ. ಅರ್ಧ ಸೊಂಟಕ್ಕೆ ಸಿಗುವ ಆ ಜಾಗದ ಸುಖ ದಾದರಿನಿಂದ ನಿಂತು ಬಂದವಳಿಗೇ ಗೊತ್ತು!

ಕೊಡುವುದು ಸುಲಭ, ಪಡೆದುಕೊಳ್ಳುವುದು ಕಷ್ಟ. ಇದು ನನ್ನ ಅನುಭವ. ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಚಿಕಿತ್ಸೆಗೆಂದು ಊರಿನಿಂದ ಕರೆದುಕೊಂಡು ಬಂದಿದ್ದೆ. ನಾಲ್ಕು ತಿಂಗಳು ಆಸ್ಪತ್ರೆ, ಆಫೀಸು, ಮನೆ ಎಂದು ಓಡಾಟ. ನಮ್ಮ ಕಟ್ಟಡದಲ್ಲಿ ವಿಜಯಪುರ ಕಡೆಯ ಒಬ್ಬ ಹಿರಿಯ ಅಕ್ಕ ಇದ್ದಾರೆ. ಅವರು ದಿನಾ ಬೆಳಿಗ್ಗೆ ಬಾಗಿಲು ತಟ್ಟಿ ಒಂದು ಡಬ್ಬಿ ಕೊಟ್ಟು ಹೋಗುತ್ತಿದ್ದರು. ಅಮ್ಮನಿಗೆ ಮೆತ್ತನೆ ಅನ್ನ ಸಾರು, ನನಗೆ ರೊಟ್ಟಿ ಪಲ್ಯ. ಒಂದು ವಾರವಾದ ಮೇಲೆ ನನಗೆ ಸಂಕೋಚ. ಖಾಲಿ ಡಬ್ಬಿ ವಾಪಸು ಕೊಡಬಾರದು ಎಂದು ಬಾದಾಮಿ, ಗೋಡಂಬಿ ತುಂಬಿ ಕೊಟ್ಟೆ. ಅವರು ನಕ್ಕರು. ‘ತಂಗಿ, ಡಬ್ಬಿಗೆ ಲೆಕ್ಕ ಇಡಬ್ಯಾಡ. ಲೆಕ್ಕ ಇಡೂದಾಗಿದ್ರ ನಾ ಖಾನಾವಳಿ ತೆಗೀತಿದ್ದೆ’ ಎಂದರು. ಅವರು ಬೈಬಲ್ ಓದಿದವರಲ್ಲ, ಬಸವಣ್ಣನವರ ಭಕ್ತೆ. ಆದರೆ ಕೃಪೆ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಚರ್ಚಿನಲ್ಲೂ ಕೇಳಿಲ್ಲ.

ಈಗ ಎರಡನೆಯ ಮಾತು, ನಂಬಿಗಸ್ತಿಕೆ. ಎಲ್ಲ ಪುಕ್ಕಟೆ ಸಿಗುವುದಾದರೆ ನಾವು ಕೈಕಟ್ಟಿ ಕೂರಬಹುದಲ್ಲ ಎಂದು ಕೇಳುವವರು ಇದ್ದಾರೆ. ಮೊದಲ ಶತಮಾನದಲ್ಲೂ ಇದ್ದರು. ಅವರಿಗೆ ಉತ್ತರವಾಗಿ ಅಪೊಸ್ತಲ ಪೌಲ ಬಹಳ ಬರೆದಿದ್ದಾನೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅವನ ಕ್ರಮ ನೋಡಿ. ರಕ್ಷಣೆ ಕೃಪೆಯಿಂದ ಬಂದದ್ದು, ನಿಮ್ಮ ಪುಣ್ಯಕಾರ್ಯದ ಫಲವಲ್ಲ, ಆದ್ದರಿಂದ ಜಂಬ ಪಡಬೇಡಿ ಎನ್ನುತ್ತಾನೆ. ಮರುಕ್ಷಣವೇ, ಒಳ್ಳೆಯ ಕೆಲಸ ಮಾಡುವುದಕ್ಕಾಗಿಯೇ ದೇವರು ನಿಮ್ಮನ್ನು ರೂಪಿಸಿದ್ದು ಎನ್ನುತ್ತಾನೆ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಪ್ರೀತಿ ಸಿಕ್ಕಿದ್ದಲ್ಲ, ಪ್ರೀತಿ ಸಿಕ್ಕಿದ್ದಕ್ಕೆ ಒಳ್ಳೆಯ ಕೆಲಸ. ತಾಯಿಯ ಪ್ರೀತಿ ಉಂಡು ಬೆಳೆದ ಮಗು ಆಮೇಲೆ ತಾಯಿಯ ಕೆಲಸಕ್ಕೆ ಕೈಜೋಡಿಸುತ್ತದೆಯೇ ಹೊರತು, ಕೆಲಸ ಮಾಡಿ ಆ ಪ್ರೀತಿಯನ್ನು ಕೊಂಡುಕೊಂಡಿರುವುದಿಲ್ಲ.

ಗ್ರೀಕಿನಲ್ಲಿ ‘ಪಿಸ್ತಿಸ್’ ಎಂಬ ಪದ ಇದೆ. ನಂಬಿಕೆ ಎಂದೂ ಆಗುತ್ತದೆ, ನಂಬಿಗಸ್ತಿಕೆ ಎಂದೂ ಆಗುತ್ತದೆ. ಇಂಗ್ಲಿಷಿನವರು ಇದನ್ನು ವಿವರಿಸಲು ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ‘ನಂಬು’ ಎಂಬ ಒಂದೇ ಬೇರಿನಿಂದ ನಂಬಿಕೆಯೂ ಬಂತು, ನಂಬಿಗಸ್ತಿಕೆಯೂ ಬಂತು. ನಾನು ದೇವರನ್ನು ನಂಬುವುದು ನಂಬಿಕೆ. ಬೇರೆಯವರು ನನ್ನನ್ನು ನಂಬುವಂತೆ ನಾನು ಬದುಕುವುದು ನಂಬಿಗಸ್ತಿಕೆ. ಮೊದಲನೆಯದು ಇದೆ ಎಂದು ಹೇಳಿಕೊಂಡು ಎರಡನೆಯದು ಇಲ್ಲದಿದ್ದರೆ ಎಲ್ಲೋ ಬೇರು ಒಣಗಿದೆ ಎಂದೇ ಅರ್ಥ.

ನಂಬಿಗಸ್ತಿಕೆ ದೊಡ್ಡ ಸಭೆಯಲ್ಲಿ ಕಾಣುವ ಗುಣವಲ್ಲ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನಾಗಿರುತ್ತಾನೆ ಎಂಬರ್ಥದ ಮಾತು ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿದೆ. ನನ್ನ ವೃತ್ತಿಯಲ್ಲಿ ಇದು ದಿನಾ ಎದುರಾಗುತ್ತದೆ. ಸಾಫ್ಟ್‌ವೇರಿನಲ್ಲಿ ಗ್ರಾಹಕರಿಗೆ ಕಾಣುವುದು ಪರದೆ ಮಾತ್ರ. ಅದರ ಹಿಂದೆ ಬ್ಯಾಕಪ್ ಸರಿಯಾಗಿ ಆಯಿತೇ, ಟೆಸ್ಟಿಂಗ್ ನಿಜವಾಗಿ ಮಾಡಿದೆವೇ, ಮಾಡಿದ್ದೇವೆ ಎಂದು ಬರೆದುಬಿಟ್ಟೆವೇ, ಯಾರೂ ನೋಡುವುದಿಲ್ಲ. ಒಂದು ದಿನ ಯಂತ್ರ ಕೈಕೊಟ್ಟಾಗ ಮಾತ್ರ ಗೊತ್ತಾಗುತ್ತದೆ, ಯಾರು ಯಾರೂ ನೋಡದಾಗ ಸರಿಯಾಗಿ ಕೆಲಸ ಮಾಡಿದ್ದರು ಎಂದು. ಮನೆಯಲ್ಲೂ ಅಷ್ಟೇ. ಹಾಸಿಗೆ ಹಿಡಿದ ಅತ್ತೆಯ ಬೆನ್ನು ಒರೆಸುವುದನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ಈ ಎರಡು ಮಾತೂ ಒಟ್ಟಿಗೆ ನಡೆಯುವ ಒಂದು ಪುಟ್ಟ ಪುಸ್ತಕ ಬೈಬಲಿನಲ್ಲಿದೆ. ಬರೀ ನಾಲ್ಕು ಅಧ್ಯಾಯ. ಹೆಸರು ರೂತ್. ಅತ್ತೆ ಸೊಸೆಯರ ಕಥೆಯಾದ್ದರಿಂದ ಮಹಿಳಾ ವಿಭಾಗದಲ್ಲಿ ಹೇಳದೇ ಬಿಡುವ ಹಾಗಿಲ್ಲ.

ಬೇತ್ಲೆಹೇಮಿನಲ್ಲಿ ಬರಗಾಲ ಬಂದು ನೊವೊಮಿ ಎಂಬ ಹೆಂಗಸು ಗಂಡ ಮಕ್ಕಳೊಂದಿಗೆ ಮೋವಾಬ್ ದೇಶಕ್ಕೆ ವಲಸೆ ಹೋಗುತ್ತಾಳೆ. ಹೊಟ್ಟೆಪಾಡಿಗೆ ಊರು ಬಿಟ್ಟವರು, ನಮ್ಮ ಹಿರಿಯರು ಮುಂಬಯಿಗೆ ಬಂದ ಹಾಗೆ. ಅಲ್ಲಿ ಗಂಡ ಸಾಯುತ್ತಾನೆ, ಮದುವೆಯಾದ ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ಉಳಿದವರು ಮೂವರು ವಿಧವೆಯರು. ಊರಿಗೆ ವಾಪಸು ಹೊರಟ ನೊವೊಮಿ ಸೊಸೆಯರಿಗೆ, ನಿಮ್ಮ ತವರಿಗೆ ಹೋಗಿ, ನನ್ನ ಹತ್ತಿರ ಏನೂ ಉಳಿದಿಲ್ಲ ಎನ್ನುತ್ತಾಳೆ. ಒಬ್ಬ ಸೊಸೆ ಅತ್ತು ತವರಿಗೆ ಹೋಗುತ್ತಾಳೆ. ಅದು ತಪ್ಪೆಂದು ಬೈಬಲ್ ಹೇಳುವುದಿಲ್ಲ. ರೂತ್ ಮಾತ್ರ ಅತ್ತೆಯನ್ನು ಬಿಡುವುದಿಲ್ಲ. ಕೊನೆಯವರೆಗೆ ನಿನ್ನ ಜೊತೆಯೇ ಎಂದು ಹೊರಡುತ್ತಾಳೆ.

ಬೇತ್ಲೆಹೇಮಿಗೆ ಬಂದಾಗ ಜವೆಗೋದಿಯ ಕೊಯ್ಲು. ರೂತ್ ಹಕ್ಕಲು ಆಯಲು ಹೋಗುತ್ತಾಳೆ. ಊರ ಕಡೆಯವರಿಗೆ ಈ ಪದ ಗೊತ್ತು. ಕೊಯ್ದ ಹೊಲದಲ್ಲಿ ಉದುರಿದ ತೆನೆ ಆರಿಸಿಕೊಳ್ಳುವುದೇ ಹಕ್ಕಲು ಆಯುವುದು. ಇಸ್ರಾಯೇಲರಲ್ಲಿ ಇದು ಬರೀ ರೂಢಿಯಾಗಿರಲಿಲ್ಲ, ಧರ್ಮಶಾಸ್ತ್ರದ ಕಟ್ಟಳೆಯಾಗಿತ್ತು. ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ: ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ್ದನ್ನು ಬಳಿದುಕೊಳ್ಳಬಾರದು, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು. ಹೊಲದ ಯಜಮಾನ ಬೋವಜ ಈ ಕಟ್ಟಳೆಯನ್ನು ಪಾಲಿಸಿ ಸುಮ್ಮನಾಗಲಿಲ್ಲ. ಅವಳಿಗೆ ಬೈಯಬೇಡಿ, ಬೇಕೆಂದೇ ಒಂದಿಷ್ಟು ತೆನೆ ಸಿವುಡಿನಿಂದ ಎಳೆದು ಬಿಡಿ ಎಂದು ಆಳುಗಳಿಗೆ ಹೇಳುತ್ತಾನೆ. ಕೊಟ್ಟೆ ಎಂದು ತೋರಿಸಿಕೊಳ್ಳದೆ, ಅವಳು ದುಡಿದು ಆರಿಸಿಕೊಂಡಳು ಎಂಬ ಮಾನ ಉಳಿಯುವ ಹಾಗೆ ಕೊಟ್ಟ. ಇಂಥ ನಡತೆಗೆ ಹೀಬ್ರೂ ಭಾಷೆಯಲ್ಲಿ ‘ಹೆಸೆದ್’ ಎನ್ನುತ್ತಾರೆ. ಕೃಪೆ, ನಿಷ್ಠೆ ಎರಡೂ ಸೇರಿದ ಪದ ಅದು.

ಕೊನೆಗೆ ಬೋವಜ ರೂತಳನ್ನು ಮದುವೆಯಾಗುತ್ತಾನೆ, ಮಗು ಹುಟ್ಟುತ್ತದೆ. ಆಗ ನೆರೆಮನೆಯ ಹೆಂಗಸರು ನೊವೊಮಿಗೆ ಒಂದು ಮಾತು ಹೇಳುತ್ತಾರೆ. ಈ ಸೊಸೆ ನಿನಗೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಎಂದು. ಗಂಡುಮಕ್ಕಳನ್ನೇ ಲೆಕ್ಕ ಹಿಡಿಯುತ್ತಿದ್ದ ಕಾಲದಲ್ಲಿ, ಅದೂ ಹೆಂಗಸರ ಬಾಯಲ್ಲಿ, ಪರದೇಶದ ಒಬ್ಬ ಸೊಸೆಯ ಬಗ್ಗೆ ಬಂದ ಮಾತು! ಆ ಮಗುವಿನ ಮೊಮ್ಮಗನೇ ರಾಜ ದಾವೀದ.

ಇದು ಹಳೆಯ ಕಾಲದ ಕಥೆಯಾಯಿತು. ನಮ್ಮ ನೆಲದಲ್ಲಿ, ನಮ್ಮ ಮುಂಬಯಿಯಲ್ಲಿ ಇದನ್ನು ಬದುಕಿ ತೋರಿಸಿದ ಒಬ್ಬ ಹೆಂಗಸಿನ ಬಗ್ಗೆ ಈಗ ಹೇಳುತ್ತೇನೆ. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅವರನ್ನು ತಮ್ಮವರು ಎನ್ನುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂಬ ಕಾರಣಕ್ಕೆ ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದರಂತೆ.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅಣ್ಣ ತಂಗಿ ಇಬ್ಬರೇ ದೇಶ ಸುತ್ತುತ್ತ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯ ಕಂಡು ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಆಮೇಲೆ ಅಣ್ಣನೂ ಹೋದ. 1880ರಲ್ಲಿ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಮದುವೆಯಾದರು. 1882ರಲ್ಲಿ ಅವರೂ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಇಪ್ಪತ್ತಮೂರರ ಹರೆಯದ ವಿಧವೆ. ರೂತ್, ನೊವೊಮಿ ಇಬ್ಬರ ದುಃಖವೂ ಒಬ್ಬಳ ಮೇಲೇ ಬಿದ್ದ ಹಾಗೆ.

1883ರಲ್ಲಿ ಓದಲು ಇಂಗ್ಲೆಂಡಿಗೆ ಹೋದರು. ಅಲ್ಲಿಯ ಕ್ರೈಸ್ತ ಸಹೋದರಿಯರು, ಸಮಾಜ ಹೊರಹಾಕಿದ ಹೆಂಗಸರಿಗಾಗಿ ಲಂಡನ್ನಿನಲ್ಲಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ಅಂಥ ಹೆಂಗಸರ ಮೇಲೆ ಇಷ್ಟು ಮಮತೆ ಏಕೆ ಎಂದು ರಮಾಬಾಯಿ ಕೇಳಿದರು. ಅದಕ್ಕೆ ಒಬ್ಬ ಸಹೋದರಿ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ಓದಿ ಹೇಳಿದರು. ಊರಿನವರೆಲ್ಲ ದೂರ ಇಟ್ಟ ಸಮಾರ್ಯದ ಒಬ್ಬ ಹೆಂಗಸಿನ ಹತ್ತಿರ ಯೇಸು ಬಾವಿಕಟ್ಟೆಯಲ್ಲಿ ಕುಳಿತು ಕುಡಿಯಲು ನೀರು ಕೇಳಿದ, ಅವಳೊಡನೆ ದೇವರ ಬಗ್ಗೆ ಮಾತನಾಡಿದ ಪ್ರಸಂಗ ಅದು. ಆ ಪ್ರಸಂಗ ತಮ್ಮ ಮನಸ್ಸನ್ನು ತಿರುಗಿಸಿತು ಎಂದು ರಮಾಬಾಯಿ ಮುಂದೆ ಬರೆದರು. ಅದೇ ವರ್ಷ ದೀಕ್ಷಾಸ್ನಾನ ಪಡೆದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವರ ಮತಾಂತರ ಆಗಲೂ ದೊಡ್ಡ ವಿವಾದವಾಗಿತ್ತು, ಈಗಲೂ ಅದರ ಬಗ್ಗೆ ಭಿನ್ನಾಭಿಪ್ರಾಯ ಇದೆ. ಅದನ್ನು ಬಗೆಹರಿಸಲು ನಾನು ಇಲ್ಲಿ ನಿಂತಿಲ್ಲ. ಅವರು ಚರ್ಚಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರೂ ಅಲ್ಲ. ತಮ್ಮನ್ನು ತಿದ್ದಲು ಬಂದ ಇಂಗ್ಲಿಷ್ ಗುರುಗಳ ಜೊತೆ ಪತ್ರಗಳಲ್ಲಿ ನೇರವಾಗಿ ವಾದ ಮಾಡಿದರು.

ನನ್ನ ವಿಷಯಕ್ಕೆ ಮುಖ್ಯವಾದ ಸಂಗತಿ ಬೇರೆ. ದೀಕ್ಷೆ ಪಡೆದು ಎಂಟು ವರ್ಷವಾದ ಮೇಲೆ, 1891ರ ಸುಮಾರಿಗೆ, ವಿಲಿಯಂ ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಕಥೆ ಓದುತ್ತಿದ್ದಾಗ ರಮಾಬಾಯಿಗೆ ಒಂದು ಅರಿವಾಯಿತು. ತಾವು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೇವೆ, ಆದರೆ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲ ಎಂದು. ಓದು, ವಿಧಿ, ನಿಯಮ, ಸೇವೆ ಎಲ್ಲ ಇತ್ತು. ಇದೆಲ್ಲ ಮಾಡಿ ದೇವರ ಪ್ರೀತಿಯನ್ನು ಗಳಿಸಬೇಕಿಲ್ಲ, ಅದು ಆಗಲೇ ಕೊಡಲಾಗಿದೆ ಎಂಬುದು ಆಗ ಹೊಳೆಯಿತು. ಈ ಅನುಭವವನ್ನು 1907ರಲ್ಲಿ ತಮ್ಮ ಸಾಕ್ಷ್ಯದ ಪುಸ್ತಕದಲ್ಲಿ ಬರೆದಿದ್ದಾರೆ. ಅಷ್ಟು ದೊಡ್ಡ ವಿದುಷಿ ತಾನು ಸಂಜೆ ಐದು ಗಂಟೆಗೆ ಬಂದ ಕೂಲಿಯವಳು ಎಂದು ಒಪ್ಪಿಕೊಂಡ ಗಳಿಗೆ ಅದು.

ಆ ಕೃಪೆ ನಂಬಿಗಸ್ತಿಕೆಯಾಗಿ ಹರಿದದ್ದು ಹೇಗೆ? 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. ಮರುವರ್ಷ ಅದು ಪುಣೆಗೆ ಹೋಯಿತು. 1893ರಲ್ಲಿ ಮತಾಂತರದ ಪ್ರಶ್ನೆ ಎದ್ದು ರಾನಡೆ, ಭಂಡಾರ್ಕರ್ ಅಂಥವರು ಸಲಹಾ ಮಂಡಳಿ ಬಿಟ್ಟರು, ಅನೇಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಬಾಗಿಲು ಮುಚ್ಚಲಿಲ್ಲ. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರಗಾಲ ಬಿತ್ತು. ತಾವೇ ಹೋಗಿ ಹಸಿದು ಬಿದ್ದಿದ್ದ ಸುಮಾರು 300 ಹುಡುಗಿಯರನ್ನು ಕರೆತಂದರು. ಬರಗಾಲದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡ ಹುಡುಗಿ, ಇಪ್ಪತ್ತು ವರ್ಷದ ಮೇಲೆ ಬರಗಾಲದ ಮಕ್ಕಳಿಗೆ ತಾಯಾದಳು. ಪುಣೆ ದೌಂಡ್ ನಡುವಿನ ಕೇಡಗಾಂವದಲ್ಲಿ ‘ಮುಕ್ತಿ’ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ ಇದ್ದರು. ಅಲ್ಲಿ ಹೊಲ, ನೇಯ್ಗೆ, ಶಾಲೆ, ಅಚ್ಚುಕೂಟ. ಎಲ್ಲೂ ಜಾಗ ಸಿಗದ ಹೆಂಗಸರಿಗಾಗಿ ಅಲ್ಲಿ ಒಂದು ಮನೆ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ‘ಕೃಪಾ ಸದನ’.

ಬದುಕಿನ ಕೊನೆಯ ಸುಮಾರು ಹದಿನೆಂಟು ವರ್ಷ ಅವರು ಮತ್ತೊಂದು ಕೆಲಸ ಹಿಡಿದರು. ಓದುಬರಹ ಕಡಿಮೆ ಇರುವ ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಇಡೀ ಬೈಬಲಿನ ಅನುವಾದ. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಮುಕ್ತಿಯ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಮಾಡಿದರು. ಮಗಳು ಮನೋರಮಾ ತಾಯಿಯ ಬಲಗೈ. ಕುರುಡು ಮಕ್ಕಳಿಗೆ ಬ್ರೈಲ್ ಕಲಿಸುವ ವ್ಯವಸ್ಥೆ ಮಾಡಿದವರು ಅವರು. ನಮ್ಮ ಕಲಬುರಗಿಯಲ್ಲಿ 1912-13ರ ಸುಮಾರಿಗೆ ಶಾಲೆ ತೆರೆದದ್ದರ ಹಿಂದೆಯೂ ಅವರ ದುಡಿಮೆ ಇದೆ. ಆ ಮಗಳು 1921ರಲ್ಲಿ ತೀರಿಕೊಂಡರು. ಕಿವಿ ಕೇಳದ, ದಣಿದ ತಾಯಿ ಅನುವಾದದ ಕೆಲಸ ಬಿಡಲಿಲ್ಲ. ಅದನ್ನು ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಮುಂದಿನ ಸಲ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವಾಗ ಪುಣೆ ದಾಟಿದ ಮೇಲೆ ಕಿಟಕಿಯಿಂದ ನೋಡಿ. ಕೇಡಗಾಂವ ಸ್ಟೇಷನ್ ಹಾದುಹೋಗುತ್ತದೆ. ಮುಕ್ತಿ ಇಂದಿಗೂ ಅಲ್ಲಿದೆ. ಮುಂದೆ ಅದೇ ಹಳಿಯ ಮೇಲೆ ಕಲಬುರಗಿ.

ಹಾಗಾದರೆ ನಾವೇನು ಮಾಡಬೇಕು? ಎಲ್ಲರೂ ರಮಾಬಾಯಿ ಆಗಲು ಸಾಧ್ಯವಿಲ್ಲ. ಆದರೆ ನಮ್ಮೆಲ್ಲರಿಗೂ ಒಂದೊಂದು ಹೊಲ ಇದೆ, ಅದಕ್ಕೆ ಒಂದು ಅಂಚು ಇದೆ. ನಮ್ಮ ಸಮಯ, ಸಂಬಳ, ಅಧಿಕಾರ, ಅಡುಗೆಮನೆ, ಇವೇ ನಮ್ಮ ಹೊಲ. ಅಂಚಿನವರೆಗೂ ಕೊಯ್ದು ನಮ್ಮ ಕಣಜಕ್ಕೇ ತುಂಬಿಕೊಳ್ಳುತ್ತೇವೆಯೋ, ಹಕ್ಕಲಿಗೆ ಒಂದಿಷ್ಟು ಬಿಡುತ್ತೇವೆಯೋ ಎಂಬುದೇ ಪ್ರಶ್ನೆ.

ಮೂರು ಅಂಚುಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು ನಮ್ಮ ಮನೆಕೆಲಸದವಳು. ನಮಗೆ ಜ್ವರ ಬಂದರೆ ಸಿಕ್ ಲೀವ್ ಇದೆ, ಸಂಬಳ ಕಡಿತ ಇಲ್ಲ. ಅವಳಿಗೆ ಜ್ವರ ಬಂದ ದಿನದ ಸಂಬಳ ಹಿಡಿಯುವ ಮನೆಗಳು ನಮ್ಮ ಸೊಸೈಟಿಗಳಲ್ಲಿ ಇವೆ. ತಿಂಗಳಿಗೆ ನಾಲ್ಕು ರಜೆ, ಕಾಯಿಲೆಯಾದರೆ ಪೂರ್ತಿ ಸಂಬಳ, ಇದನ್ನು ಸಂಘದ ನಾವಷ್ಟೂ ಜನ ಒಟ್ಟಾಗಿ ನಿಯಮವಾಗಿ ಇಟ್ಟುಕೊಳ್ಳೋಣ. ಬೋವಜನ ಹಾಗೆ, ಅವಳ ಮಾನ ಉಳಿಯುವಂತೆ ಕೊಡೋಣ; ಉಪಕಾರ ಮಾಡಿದೆವು ಎಂದು ಹತ್ತು ಜನರ ಮುಂದೆ ಹೇಳುವುದು ಬೇಡ.

ಎರಡನೆಯದು ಆಫೀಸು. ಹೆರಿಗೆ ರಜೆ ಮುಗಿಸಿ ವಾಪಸು ಬರುವ ಹುಡುಗಿ, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ಬರುವವಳು, ಇವರು ಐದು ಗಂಟೆಯ ಕೂಲಿಯವರು. ನಿಮ್ಮ ಕೈಯಲ್ಲಿ ಟೀಮು ಇದ್ದರೆ, ಒಪ್ಪಿದ ಕೂಲಿಯಲ್ಲಿ ಯಾರಿಗೂ ಕಡಿಮೆ ಮಾಡದೆ ಅವರಿಗಾಗಿ ಸ್ವಲ್ಪ ಸರಿದು ನಾಲ್ಕನೆಯ ಸೀಟು ಮಾಡಿಕೊಡಿ.

ಮೂರನೆಯದು ನಾಕಾದ ಮಕ್ಕಳು. ತಂದೆತಾಯಿ ಕೆಲಸಕ್ಕೆ ಹೋದಾಗ ಆ ಮಕ್ಕಳು ಕಟ್ಟಡದ ಮರಳಿನಲ್ಲಿ ಆಡುತ್ತಿರುತ್ತಾರೆ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡಿಗರು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ಅಲ್ಲಿ ಓದಿದವರು ಮುಂದೆ ದೊಡ್ಡ ದೊಡ್ಡ ಕೆಲಸಕ್ಕೆ ಹೋದರು. ನಮ್ಮ ಸಭೆಗಳಲ್ಲಿ ಕುಳಿತಿರುವ ಎಷ್ಟೋ ಹಿರಿಯರು ಆ ಹಕ್ಕಲಿನ ತೆನೆಯಿಂದ ಬೆಳೆದವರೇ. ಶನಿವಾರ ಮಧ್ಯಾಹ್ನ ಎರಡು ಗಂಟೆ, ನಮ್ಮಲ್ಲಿ ಆರು ಜನ ಸರದಿಯಲ್ಲಿ ಬಂದರೆ ಸಾಕು, ಕನ್ನಡದ ಅಕ್ಷರ, ಲೆಕ್ಕ ಕಲಿಸಬಹುದು. ಇದರಲ್ಲಿ ಯಾವ ಧರ್ಮಪ್ರಚಾರವೂ ಇರಬಾರದು, ಇರುವುದೂ ಇಲ್ಲ. ಒಂದು ಮಾತು ಮಾತ್ರ: ಶುರು ಮಾಡಿದರೆ ಬಿಡಬಾರದು. ಮೂರು ವಾರ ಉತ್ಸಾಹದಿಂದ ಬಂದು ನಾಲ್ಕನೆಯ ವಾರ ಮಳೆ ಎಂದು ಮನೆಯಲ್ಲಿ ಕುಳಿತರೆ, ಬಾಗಿಲಲ್ಲಿ ಕಾಯುವ ಮಗುವಿಗೆ ನಾವು ನಂಬಿಗಸ್ತರಲ್ಲ ಎಂದು ಗೊತ್ತಾಗಿಬಿಡುತ್ತದೆ.

ನನ್ನ ಹೆಸರು ಬರೆದುಕೊಂಡಿದ್ದೇನೆ. ಇನ್ನು ಐದು ಹೆಸರು ಬೇಕು. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಹತ್ತಿರ ಪುಸ್ತಕ ಇಟ್ಟಿರುತ್ತೇನೆ, ಚಹಾ ಕುಡಿಯುತ್ತಾ ಬಂದು ಬರೆಯಿರಿ.